ಮೂವರು ಕಟ್ಟಿದ ಪಾಠಶಾಲೆ

ನದೀದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳು ಒಮ್ಮೆ ಮೂವರು ಶಿಷ್ಯರನ್ನು ಕರೆದು, ಕಾಡಂಚಿನ ಊರುಗಳ ಮಕ್ಕಳಿಗಾಗಿ ಕಂಪ್ಯೂಟರಿನೊಳಗೆ ಒಂದು ಪಾಠಶಾಲೆ ಕಟ್ಟಿ ಎಂದರು. ಮಕ್ಕಳು ತಮ್ಮೂರಲ್ಲೇ ಇದ್ದು, ಕಣ್ಣಿಗೊಂದು ದಪ್ಪ ಕನ್ನಡಕ ಹಾಕಿಕೊಂಡು ಅದರೊಳಗೆ ಓಡಾಡಬೇಕು, ಜೊತೆಯಾಗಿ ಕಲಿಯಬೇಕು.

ಶಂಭುಲಿಂಗ, ಭಾಗೀರಥಿ, ಕರಿಬಸವ ಕೆಲಸ ಹಂಚಿಕೊಂಡರು. ಆ ಲೋಕದಲ್ಲಿ ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ತಿದ್ದಬಹುದಿತ್ತು. ಶಂಭುಲಿಂಗನದೋ ಸುಮ್ಮನಿರುವ ಕೈಯಲ್ಲ. ದಿನಾ ಬೆಳಿಗ್ಗೆ ಉಳಿದವರಿಗಿಂತ ಮೊದಲೇ ಒಳಹೊಕ್ಕು, ಅವರು ಹಿಂದಿನ ದಿನ ಮಾಡಿದ್ದನ್ನೆಲ್ಲ ‘ಸರಿ’ ಮಾಡಿಬಿಡುತ್ತಿದ್ದ.

ಕರಿಬಸವನ ಸೊಟ್ಟ ಮರಗಳು ನೆಟ್ಟಗಾದವು. ಪುಟ್ಟ ಮಕ್ಕಳು ಕೂರಲೆಂದು ಭಾಗೀರಥಿ ತಗ್ಗಾದ ಜಗಲಿಯೊಂದನ್ನು ಮಾಡಿದ್ದಳು. ಅದಿದ್ದ ಜಾಗದಲ್ಲಿ ಕಲ್ಲುಕಂಬಗಳ ಸಭಾಂಗಣ ಎದ್ದಿತು.

ಪಾಠಶಾಲೆ ತೆರೆದ ದಿನ ಮಕ್ಕಳು ಬಂದರು. ಕಂಬಗಳನ್ನು ನೋಡುತ್ತ ನಿಂತರು. ಎಲ್ಲಿ ಕೂರಬೇಕು ಎಂದು ಒಬ್ಬ ಹುಡುಗಿ ಕೇಳಿದಳು. ಮರುದಿನ ಯಾರೂ ಬರಲಿಲ್ಲ.

ಶಂಭುಲಿಂಗ ಗುರುಗಳ ಬಳಿ ಹೋಗಿ ಹೇಳಿಕೊಂಡ. ಅವರು ಆ ದಪ್ಪ ಕನ್ನಡಕ ಹಾಕಿಕೊಂಡು ಪಾಠಶಾಲೆಯೊಳಗೆ ಅವನೊಂದಿಗೆ ಒಂದು ಸುತ್ತು ಹಾಕಿದರು.

“ಅಚ್ಚುಕಟ್ಟಾಗಿದೆ. ಯಾರು ಕಟ್ಟಿದ್ದು?”

“ನಾವು ಮೂವರು, ಗುರುಗಳೇ.”

“ಭಾಗೀರಥಿ ಕಟ್ಟಿದ್ದನ್ನು ತೋರಿಸು.”

ಶಂಭುಲಿಂಗ ಸುತ್ತ ಹುಡುಕಿದ. ಏನೂ ಸಿಗಲಿಲ್ಲ.

“ಹೋಗಲಿ, ಕರಿಬಸವನದು?”

ಅದೂ ಇರಲಿಲ್ಲ.

“ಅವರು ಒಂದು ದಿನವೂ ಜಗಳ ಆಡಲಿಲ್ಲ” ಎಂದ ಶಂಭುಲಿಂಗ. “ಭಾಗೀರಥಿ ಮಾತ್ರ ಒಮ್ಮೆ, ‘ನನಗಿನ್ನು ಏನು ಕೆಲಸ ಇದೆ, ಶಂಭಣ್ಣ?’ ಅಂದಳು. ಎಲ್ಲ ಆಗಿದೆ, ನೀನು ಆರಾಮಾಗಿರು ಅಂದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ.”

ಆ ವಾರವೇ ಅವಳು ಆಶ್ರಮ ಬಿಟ್ಟು ತನ್ನೂರಿನ ಶಾಲೆಗೆ ಪಾಠ ಹೇಳಲು ಹೊರಟುಹೋಗಿದ್ದಳು. ಕರಿಬಸವ ಅಡುಗೆಮನೆ ಸೇರಿ ತರಕಾರಿ ಹೆಚ್ಚುತ್ತಿದ್ದ.

ಗುರುಗಳು ಕನ್ನಡಕ ತೆಗೆದು ಶಂಭುಲಿಂಗನ ಕೈಗಿಟ್ಟು ಎದ್ದುಹೋದರು.

ಶಂಭುಲಿಂಗ ಬಸ್ಸು ಹತ್ತಿ ಭಾಗೀರಥಿಯ ಊರಿಗೆ ಹೋದ. ಅವಳು ಮಜ್ಜಿಗೆ ಕೊಟ್ಟಳು, ಆಶ್ರಮದ ಎಲ್ಲರ ಯೋಗಕ್ಷೇಮ ಕೇಳಿದಳು. ಅವನು ತಪ್ಪಾಯಿತು ಎಂದಾಗ, ಕೋಪವೇನೂ ಇಲ್ಲ ಎಂದಳು. ವಾಪಸು ಬಾ ಎಂದು ಕರೆದಾಗ ಮಾತ್ರ ಇಲ್ಲವೆಂದು ತಲೆಯಾಡಿಸಿದಳು.

“ಬಂದು ಏನು ನೋಡಲಿ, ಶಂಭಣ್ಣ? ಅಲ್ಲಿ ನನ್ನದು ಅಂತ ಏನೂ ಉಳಿದಿಲ್ಲ.”

ಆಮೇಲೆ ಅವನನ್ನು ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿಕೊಟ್ಟಳು. ನಾಲ್ಕು ಮಾತು ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅವನು ಹಿಂದಿರುಗಿದಾಗ ಗುರುಗಳು ನದಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು. ಶಂಭುಲಿಂಗ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿ ಅತ್ತುಬಿಟ್ಟ. ಅವರು ತಡೆಯಲಿಲ್ಲ.

ಕೊನೆಗೆ ಅವನೇ ಕಣ್ಣೊರೆಸಿಕೊಂಡ.

“ಆ ಸಭಾಂಗಣ ಕೆಡವಿಬಿಡ್ತೇನೆ, ಗುರುಗಳೇ. ಅವಳ ಜಗಲಿ ನನಗೆ ಚೆನ್ನಾಗಿ ನೆನಪಿದೆ. ನಾಳೆ ಬೆಳಿಗ್ಗೆಯೇ ಕೂತು ಹಾಗೇ ಕಟ್ಟಿಬಿಡ್ತೇನೆ. ಬೇಕಾದರೆ ಇನ್ನೂ ಸ್ವಲ್ಪ ಚೆನ್ನಾಗಿಯೇ ಕಟ್ತೇನೆ. ಆಮೇಲೆ ಅವಳನ್ನು ಕರೀತೇನೆ.”

ಗುರುಗಳು ಪಂಚೆ ಹಿಂಡುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು.

“ಅದನ್ನೂ ನೀನೇ ಮಾಡ್ತೀಯಾ?”