ನಾಲ್ಕನೆಯ ಪಾಲು

"ಆ ಪಾಲು ಮಾರಿಬಿಡಿ" ಎಂದಳು ನನ್ನ ಹೆಂಡತಿ. ಅದೇ ಅವಳ ಕೊನೆಯ ಮಾತು.

ಪಾಲು ಎಂದರೆ ಬಣ್ಣದ ಕಾರ್ಖಾನೆಯಲ್ಲಿ ನನಗಿರುವ ಪಾಲು. ಅಲ್ಲಿ ನೂಲಿಗೆ ಬಣ್ಣ ಹಾಕುತ್ತೇವೆ. ಬಣ್ಣದ ನೀರು ಹೊಳೆಗೆ ಹೋಗುತ್ತದೆ. ಅವಳ ತವರು ಅದೇ ಹೊಳೆಯ ದಂಡೆಯಲ್ಲಿ, ಕೆಳಗಡೆ. ಅಲ್ಲಿ ಈಗ ದನ ಕೂಡ ಆ ನೀರಿಗೆ ಬಾಯಿ ಹಾಕುವುದಿಲ್ಲ. ಹೊಂಡ ತೋಡಿಸೋಣ, ನೀರು ತಿಳಿಯಾದ ಮೇಲೆ ಬಿಡೋಣ ಎಂದು ನಾನು ಪಾಲುದಾರರ ಸಭೆಯಲ್ಲಿ ಹೇಳುತ್ತಲೇ ಇದ್ದೆ. ದೊಡ್ಡ ಪಾಲುದಾರ ಕೊಟ್ರಪ್ಪ ನಗುತ್ತಿದ್ದ. "ಬಂತಪ್ಪ ಹೊಂಡ" ಎನ್ನುತ್ತಿದ್ದ. ಉಳಿದವರೂ ನಗುತ್ತಿದ್ದರು.

ಅವಳ ಕಾಯಿಲೆಗೆ ಔಷಧಿ ಇಲ್ಲ ಎಂದು ಡಾಕ್ಟರು ಮಳೆಗಾಲಕ್ಕೆ ಮೊದಲೇ ಹೇಳಿದ್ದರು. ಅವಳು ಹೋದದ್ದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ನಾನು ಕಾರ್ಖಾನೆಗೆ ಹೋಗಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ಕೊಟ್ರಪ್ಪ ಮನೆಗೆ ಬಂದ. ನಿಮ್ಮ ಪಾಲು ನಾನೇ ಕೊಳ್ಳುತ್ತೇನೆ ಎಂದ. "ಅಕ್ಕಾರೂ ಅದನ್ನೇ ಅಂದಿದ್ದರಂತೆ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ ಅಣ್ಣಾರೆ. ಇನ್ನು ಮೇಲೆ ಸಭೆನೂ ಬೇಗ ಮುಗಿಯುತ್ತೆ" ಎಂದ. ನಾನು ಆಗಲಿ ಎಂದೆ. ನಾಳೆ ಬೆಳಿಗ್ಗೆ ಪತ್ರ ತರುತ್ತೇನೆ ಎಂದು ಹೋದ.

ಆ ಸಂಜೆ ಪಾಠವಿತ್ತು. ಕಾರ್ಖಾನೆ ನಡೆಸುವವರು, ಬೇರೆಯವರ ವ್ಯಾಪಾರಕ್ಕೆ ಬಂಡವಾಳ ಹಾಕುವವರು, ಬ್ಯಾಂಕಿನ ದೊಡ್ಡ ಸಾಹೇಬರು ಆ ಪಾಠಕ್ಕೆ ಬರುತ್ತಾರೆ. ನೆಲ ನೀರು ಕೆಡಿಸದೆ ದುಡಿಯುವುದು ಹೇಗೆ, ನಾವು ಹಾಕಿದ ಹಣ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂದು ಗುರುಗಳು ಹೇಳಿಕೊಡುತ್ತಾರೆ. ನಮ್ಮ ನೂಲು ಕೊಳ್ಳುವವರು, ಕಾರ್ಖಾನೆಯಿಂದ ಒಬ್ಬರಾದರೂ ಇದನ್ನು ಕಲಿಯಲೇಬೇಕು ಎಂದಿದ್ದರು. ಬೇರೆ ಯಾರೂ ಒಪ್ಪಲಿಲ್ಲ. ನಾನು ಹೋದೆ. ನನಗೆ ಓದು ಕಡಿಮೆ. ಎಲ್ಲರೂ ಬರೆದುಕೊಳ್ಳುವಾಗ ನಾನು ಕೇಳಿಸಿಕೊಳ್ಳುತ್ತೇನೆ.

"ಗುರುಗಳೇ," ಎಂದೆ. "ಕೆಟ್ಟ ಕೆಲಸದಲ್ಲಿ ಹಾಕಿದ ಹಣ ಹಿಂದಕ್ಕೆ ತೆಗೆದರೆ ಮನುಷ್ಯ ಅದರಿಂದ ಬಿಡುಗಡೆಯಾಗುತ್ತಾನೆಯೇ?"

ಹೆಂಡತಿಯ ಕಾಯಿಲೆಯನ್ನೂ ಅವಳ ಕೊನೆಯ ಮಾತನ್ನೂ ಹೇಳಿದೆ. ನಾಳೆ ಪತ್ರ ಬರುವುದನ್ನೂ ಹೇಳಿದೆ.

ಹಿಂದೆ ಕೂತಿದ್ದ ಬ್ಯಾಂಕಿನ ಸಾಹೇಬರು, "ಇದರಲ್ಲಿ ಕೇಳೋದೇನಿದೆ ಯಜಮಾನ್ರೇ? ಮೊದಲನೇ ದಿನದ ಪಾಠವೇ ಅದಲ್ಲವೇ? ಮಾರಿ, ಒಳ್ಳೆಯ ಕಡೆ ಹಾಕಿ" ಎಂದರು.

ಗುರುಗಳು ಈ ಕತೆ ಹೇಳಿದರು.

ನಾಲ್ವರು ಸೇರಿ ಒಂದು ಸುಣ್ಣದ ಗೂಡು ನಡೆಸುತ್ತಿದ್ದರು. ಸುಣ್ಣದ ಕಲ್ಲು ಸುಡಲು ಸೌದೆ ಬೇಕು. ಸೌದೆ ಗುಡ್ಡದಿಂದ ಬರುತ್ತಿತ್ತು. ಗುಡ್ಡ ಬೋಳಾಗುತ್ತಾ ಬಂತು. ಗುಡ್ಡದ ನಡುವೆ ಒಂದು ಒರತೆ ಇತ್ತು. ಒರತೆಯ ಸುತ್ತ ಹಳೆಯ ಮರಗಳಿದ್ದವು. ಗುಡ್ಡದ ಬುಡದಲ್ಲಿದ್ದ ಹಳ್ಳಿಯವರು ಆ ಒರತೆಯ ನೀರನ್ನೇ ಕುಡಿಯುತ್ತಿದ್ದರು.

ನಾಲ್ವರಲ್ಲಿ ಒಬ್ಬ ವರ್ತಕನಿಗೆ ಇದು ಸರಿ ಕಾಣಲಿಲ್ಲ. ಒರತೆಯ ಮರ ಮುಟ್ಟಬೇಡಿ ಎಂದ. ಲಾಭ ಹಂಚಿಕೊಳ್ಳಲು ಕೂತಾಗಲೆಲ್ಲ ಅದನ್ನೇ ಹೇಳಿದ. ಮೂವರು ಹಣೆ ಚಚ್ಚಿಕೊಂಡರು. "ಲಾಭ ಬೇಕು, ಮರವೂ ಬೇಕು ಇವನಿಗೆ" ಎಂದು ಆಡಿಕೊಂಡರು. ಆದರೂ ಅವನ ಬಾಯಿಗೆ ಹೆದರಿದರು. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎನ್ನುತ್ತಾ ಬೇರೆ ಕಡೆ ಕಡಿದರು.

ವರ್ತಕ ಬೇಸತ್ತ. ಗುಡ್ಡ ಬೋಳಾಗುವುದು ನಿಲ್ಲಲಿಲ್ಲ. ತನ್ನ ಮಾತು ಗಾಳಿಗೆ ಹೋಗುತ್ತಿದೆ ಎಂದುಕೊಂಡ. ಗೂಡಿನ ಲಾಭದಲ್ಲಿ ಉಣ್ಣುವಾಗ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಕೊನೆಗೆ ತನ್ನ ಪಾಲನ್ನು ಆ ಮೂವರಿಗೇ ಮಾರಿದ. ಅವರು ಒಳ್ಳೆಯ ಬೆಲೆ ಕೊಟ್ಟರು.

ಆ ಹಣವನ್ನು ವರ್ತಕ ಎಣ್ಣೆಯ ಗಾಣಕ್ಕೆ ಹಾಕಿದ. ಗಾಣದಿಂದ ಯಾರಿಗೂ ಕೇಡಾಗಲಿಲ್ಲ. ರೈತರಿಗೆ ಸರಿಯಾದ ಬೆಲೆ ಕೊಟ್ಟ. ಎಣ್ಣೆಯಲ್ಲಿ ಬೆರಕೆ ಮಾಡಲಿಲ್ಲ. ವ್ಯಾಪಾರ ಕುದುರಿತು. ದುಡಿದರೆ ಹೀಗೆ ದುಡಿಯಬೇಕು ಎಂದು ಜನ ಅವನನ್ನು ತೋರಿಸಿದರು. ದೂರದ ಊರುಗಳ ವರ್ತಕರು ಬಂದು ಗಾಣ ನೋಡಿಕೊಂಡು ಹೋದರು. ಅವನಿಗೆ ಅನ್ನ ರುಚಿಸಿತು. ನಿದ್ದೆ ಬಂತು.

ಒಂದು ದಿನ ಒಬ್ಬ ಹೆಂಗಸು ಎಣ್ಣೆ ಕೊಳ್ಳಲು ಬಂದಳು. ಅವನ ಮುಖವನ್ನೇ ನೋಡಿದಳು.

"ಗೂಡಿನವರ ಜೊತೆ ನಮ್ಮ ಒರತೆಗಾಗಿ ಜಗಳ ಆಡುತ್ತಿದ್ದವರು ನೀವೇ ಅಲ್ಲವೇ ಸ್ವಾಮಿ?" ಎಂದಳು.

"ನಾನೇ. ಈಗ ನನಗೂ ಗೂಡಿಗೂ ಸಂಬಂಧವಿಲ್ಲ ತಾಯಿ."

"ಗೊತ್ತು. ನೀವು ಸಂಬಂಧ ಬಿಟ್ಟ ವಾರವೇ ಆ ಮರ ಬಿದ್ದವು."

ವರ್ತಕ, "ಒರತೆ?" ಎಂದ.

"ಬತ್ತಿತು. ಊರು ಬಿಟ್ಟೆವು. ಈಗ ಇದೇ ಪೇಟೆಯಲ್ಲಿ ಕಂಡವರ ಮನೆ ಮುಸುರೆ ತಿಕ್ಕುತ್ತೇನೆ. ನಿಮ್ಮಲ್ಲಿ ಎಣ್ಣೆ ಚೆನ್ನಾಗಿರುತ್ತೆ ಅಂತಾರೆ. ಕೊಡಿ."

ವರ್ತಕ ಎಣ್ಣೆ ಅಳೆದು ಕೊಟ್ಟ. ದುಡ್ಡು ಬೇಡ ಎಂದ. ಅವಳು ದುಡ್ಡು ಇಟ್ಟು ಹೋದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನನಗೆ ಸಿಟ್ಟು ಬಂತು. ಕತೆ ನನಗೆ ಯಾವ ದಾರಿಯನ್ನೂ ಬಿಟ್ಟಿರಲಿಲ್ಲ. "ಅವನು ಗೂಡಿನಲ್ಲೇ ಇದ್ದಿದ್ದರೆ ಆ ಮರ ಉಳಿಯುತ್ತಿದ್ದವೇ?" ಎಂದು ಕೇಳಿದೆ.

"ಇಲ್ಲ," ಎಂದರು ಗುರುಗಳು. "ಇನ್ನೊಂದೆರಡು ಮಳೆಗಾಲ ನಿಲ್ಲುತ್ತಿದ್ದವು, ಅಷ್ಟೆ. ಮೂವರ ಮುಂದೆ ಒಬ್ಬನ ಮಾತು ಎಷ್ಟು ದಿನ ನಡೆದೀತು?"

"ಮರ ಹೇಗೂ ಹೋಗುವುದೇ ಆದರೆ, ಅಲ್ಲಿ ಕೂತು ಏನು ಮಾಡುವುದು ಗುರುಗಳೇ?"

ಗುರುಗಳು ನನ್ನ ಮುಖ ನೋಡಿದರು.

"ಹೆಂಡತಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ನೀನು ಅವಳ ಪಕ್ಕದಿಂದ ಎದ್ದು ಹೋದೆಯಾ?"

ಯಾರೂ ಬರೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕೊಟ್ರಪ್ಪ ಪತ್ರ ತಂದ. ನಾನು ರುಜು ಹಾಕಲಿಲ್ಲ.

"ಏನಣ್ಣಾರೆ, ಅಕ್ಕಾರ ಮಾತು ಮೀರ್ತೀರಾ?" ಎಂದ.

ಮೀರುತ್ತೇನೆ ಎಂದೆ. ಅವನ ಹಿಂದೆಯೇ ಕಾರ್ಖಾನೆಗೆ ಹೋದೆ. ಹೊಳೆಗೆ ನೀಲಿ ನೀರು ಬೀಳುತ್ತಿತ್ತು. ಒಳಗೆ ಪಾಲುದಾರರು ಕೂತಿದ್ದರು. ನಾನೂ ಕೂತೆ. ಹೊಂಡ ಯಾವಾಗ ತೋಡಿಸುತ್ತೀರಿ ಎಂದು ಕೇಳಿದೆ. ಕೊಟ್ರಪ್ಪ ಎಲ್ಲರಿಗೂ ಚಹಾ ತರಿಸಿದ. ಚಹಾ ಕುಡಿದೆ. ಮತ್ತೆ ಕೇಳಿದೆ.