ಅರವಟ್ಟಿಗೆ ನೋಡಲು ಹೋದ ಮೂವರು

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಬಾಯಾರಿಕೆ ಆಗಿದ್ದವರು ಈಗಲೇ ನೀರು ಕುಡಿದುಬಿಡಿ, ಯಾಕೆಂದರೆ ಇದು ನೀರಿನ ಕಥೆ, ನಡುವೆ ಎದ್ದರೆ ನಾನು ಸುಮ್ಮನಿರುವವಳಲ್ಲ.

ಹೂಗುಂದ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಒಳ್ಳೆಯವನೇ. ಆದರೆ ಅರಮನೆಯ ಹೊಸ್ತಿಲು ದಾಟಿದವನಲ್ಲ. ಯಾರು ಏನು ಓದಿ ಹೇಳಿದರೂ "ಭೇಷ್" ಅನ್ನುತ್ತಿದ್ದ, ತಲೆ ಆಡಿಸುತ್ತಿದ್ದ, ಊಟಕ್ಕೆ ಏಳುತ್ತಿದ್ದ.

ಆ ರಾಜ್ಯದಲ್ಲಿ ಉಪ್ಪಿನ ಮೂಟೆ ಹೊತ್ತ ಗಾಡಿಗಳು ಓಡಾಡುವ ಉದ್ದನೆಯ ದಾರಿಯೊಂದಿತ್ತು. ನೆರಳಿಲ್ಲ, ಬಾವಿಯಿಲ್ಲ, ಕಲ್ಲೇ ಕಲ್ಲು. ಅದಕ್ಕೇ ರಾಜನ ಅಜ್ಜ ಅಲ್ಲಿ ಮೂರು ಅರವಟ್ಟಿಗೆ ಇಡಿಸಿದ್ದ. ಅರವಟ್ಟಿಗೆ ಅಂದರೆ ಗೊತ್ತಲ್ಲ? ಚಪ್ಪರದಡಿ ಮಡಕೆ ಇಟ್ಟು ದಾರಿಹೋಕರಿಗೆ ಪುಕ್ಕಟೆ ನೀರು ಕೊಡುವ ಜಾಗ. ಅದನ್ನು ನಡೆಸಲು ಒಂದು ಚಾವಡಿ, ಚಾವಡಿಗೆ ಹನ್ನೆರಡು ಆಳು, ಆಳುಗಳ ಮೇಲೊಬ್ಬ ಪಾರುಪತ್ತೇಗಾರ. ಅವನ ಹೆಸರು ಭೂಪಾಲಯ್ಯ. ಅವನ ಮೀಸೆ ಅವನಿಗಿಂತ ಮೊದಲು ಸಭೆಗೆ ಬರುತ್ತಿತ್ತು.

ವರ್ಷಕ್ಕೊಮ್ಮೆ ಭೂಪಾಲಯ್ಯ ರಾಜನ ಮುಂದೆ ನಿಂತು ಓದುತ್ತಿದ್ದ. "ನಮ್ಮ ಅರವಟ್ಟಿಗೆಯಲ್ಲಿ ಬಾಯಾರಿ ಬಂದವರುಂಟು, ಬಾಯಾರಿ ಹೋದವರಿಲ್ಲ."

"ಭೇಷ್," ಅಂದ ರಾಜ. ಆರನೇ ವರ್ಷ ಇನ್ನೊಂದು ಮಾತನ್ನೂ ಅಂದ. "ಬರುವ ಹುಣ್ಣಿಮೆಗೆ ಈ ಚಾವಡಿಯನ್ನು ನಿನಗೆ, ನಿನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಿಟ್ಟುಕೊಡುತ್ತೇನೆ. ಆಮೇಲೆ ನಿನ್ನನ್ನು ಯಾರೂ ಏನೂ ಕೇಳುವ ಹಾಗಿಲ್ಲ."

ಆದರೆ ಹೂಗುಂದದಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ರಾಜನ ಹೆಸರಲ್ಲಿ ನಡೆಯುವ ಯಾವ ಚಾವಡಿಯನ್ನೇ ಆಗಲಿ, ಬಿಟ್ಟುಕೊಡುವ ಮುಂಚೆ ನಾಡಸಭೆಯವರು ಆರಿಸಿದ ಮೂವರು ಹೋಗಿ ನೋಡಬೇಕು. ಅವರಿಗೆ 'ಕೇಳುವವರು' ಅಂತ ಹೆಸರು. ಅವರ ಕೈಯಲ್ಲಿ ಕತ್ತಿಯಿಲ್ಲ, ಕೋಲಿಲ್ಲ. ಅವರು ಕೇಳಿದ್ದಕ್ಕೆ ಮಾತ್ರ ಎಂಥ ದೊಡ್ಡವನಾದರೂ ಎಲ್ಲರೆದುರು ನಿಂತು ಉತ್ತರ ಕೊಡಬೇಕು.

ಆ ಸಲ ಆರಿಸಿದ್ದು ಒಬ್ಬ ಮೇಷ್ಟ್ರನ್ನು, ಒಬ್ಬ ಬಳೆಗಾರನನ್ನು, ಮತ್ತೆ ಕುಂಬಾರರ ಸಣ್ಣೀರಮ್ಮನನ್ನು.

ಸಣ್ಣೀರಮ್ಮನ ಎದೆ ಧಸಕ್ಕೆಂದಿತು. ಯಾಕೆ ಗೊತ್ತೇ? ಐದು ವರ್ಷದ ಹಿಂದೆ ಅವಳು ತುಂಬಿದ ಬಸುರಿ, ತಲೆಯ ಮೇಲೆ ಮಡಕೆ ಹೊತ್ತು ಅದೇ ದಾರಿಯಲ್ಲಿ ಹೋಗುತ್ತಿದ್ದಳು. ಬಿಸಿಲಿಗೆ ಕಣ್ಣು ಕತ್ತಲಿಟ್ಟು ಬಿದ್ದುಬಿಟ್ಟಳು. ಯಾರೋ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟರು. ಮುಖ ಕಾಣಲಿಲ್ಲ, ಮಾತು ಮಾತ್ರ ಕೇಳಿಸಿತು. "ಮೆಲ್ಲಗೆ ಮಗಳೇ, ಮೆಲ್ಲಗೆ. ಮಡಕೆ ತುಂಬಾ ನಿಂದೇ." ಪೂರ್ತಿ ಎಚ್ಚರವಾದಾಗ ಯಾರದೋ ಗಾಡಿಯಲ್ಲಿ ಮನೆ ಸೇರಿದ್ದಳು. ಯಾರು ನೀರು ಕೊಟ್ಟದ್ದು ಅಂದರೆ, "ಇನ್ಯಾರು, ಅರಮನೆ ಅರವಟ್ಟಿಗೆಯವರು" ಅಂದರು ಜನ. ಅವಳು ಮತ್ತೆ ಆ ದಾರಿ ತುಳಿಯಲಿಲ್ಲ. ಆದರೆ ದಿನಾ ದೀಪ ಹಚ್ಚುವಾಗ ಆ ಚಾವಡಿ ಚೆನ್ನಾಗಿರಲಿ ಅಂತ ಕೈ ಮುಗಿಯುತ್ತಿದ್ದಳು. ಹುಟ್ಟಿದ ಮಗಳಿಗೆ ಗಂಗೆ ಅಂತಲೇ ಹೆಸರಿಟ್ಟಿದ್ದಳು.

"ನಾನೊಲ್ಲೆ ಮೇಷ್ಟ್ರೇ," ಅಂದಳು. "ನನ್ನ ಜೀವ, ನನ್ನ ಮಗೀನ ಜೀವ ಉಳಿಸಿದೋರು ಅವರು. ಅವರನ್ನ ನಿಲ್ಲಿಸಿ ನಾನು ಪ್ರಶ್ನೆ ಕೇಳೋದಾ? ಯಾವ ಬಾಯಲ್ಲಿ?"

"ನೀರು ಕುಡಿದ ಬಾಯಲ್ಲೇ ಕೇಳವ್ವ," ಅಂದರು ಮೇಷ್ಟ್ರು. "ಹೋಗಿ ನೋಡೋಣ. ಚೆನ್ನಾಗಿದ್ರೆ ಚೆನ್ನಾಗಿದೆ ಅಂತಲೇ ಸಭೇಲಿ ಹೇಳೋಣ."

ಅದೂ ಸರಿಯೇ ಅನ್ನಿಸಿತು ಅವಳಿಗೆ. ಹೊಗಳುವುದಕ್ಕೇ ಹೊರಟಳು.

ಭೂಪಾಲಯ್ಯ ಅವರಿಗೆ ತನ್ನ ಸಾರೋಟು ಕಳಿಸಿದ. ಬಳೆಗಾರ ಒಪ್ಪಲಿಲ್ಲ. "ಕುದುರೆ ಗಾಡೀಲಿ ನನ್ನ ಬಳೆ ಪುಡಿಪುಡಿ ಆಗ್ತವೆ," ಅಂದ. ಅವನು ಹೋದಲ್ಲೆಲ್ಲ ಮಲಾರ ಬಿಟ್ಟು ಹೋದವನಲ್ಲ, ಬಳೆ ಜೋಡಿಸಿದ ಆ ಹೊರೆ ಅವನ ಹೆಗಲಿಗೇ ಹುಟ್ಟಿಬಂದಂತಿತ್ತು. ಸರಿ, ವಾರವಾರ ಉಪ್ಪು ಹೇರಿಕೊಂಡು ಅದೇ ದಾರಿಯಲ್ಲಿ ಓಡಾಡುವ ಓಬಯ್ಯನ ಎತ್ತಿನ ಗಾಡಿ ಹತ್ತಿದರು. ಎತ್ತುಗಳ ಹೆಸರು ಕೆಂದ, ಮಚ್ಚೆ. ಭೂಪಾಲಯ್ಯ ಕುದುರೆ ಏರಿ ಮುಂದೆ ಮುಂದೆ ಹೋದ.

ಮೊದಲನೇ ಅರವಟ್ಟಿಗೆ ಬಂತು. ಹಸಿರು ಚಪ್ಪರ, ಹೊಸ ಮಡಕೆ, ಕೆಂಪು ರುಮಾಲಿನ ಆಳು. ಓಬಯ್ಯ ಹಗ್ಗ ಜಗ್ಗಿ ಜಗ್ಗಿ ಎತ್ತು ನಿಲ್ಲಿಸಿದ. "ದಿನಾ ನೀರು ಕೊಡ್ತೀವಿ, ಪ್ರಭುಗಳಿಗೆ ಜಯವಾಗಲಿ," ಅಂದ ಆಳು. ಸಣ್ಣೀರಮ್ಮ ಕೈ ಮುಗಿದು ನೀರು ಕುಡಿದಳು. ನೀರಿಗೆ ಆವಿಗೆಯ ವಾಸನೆ. ಮಡಕೆ ಸುಡುವ ಆವಿಗೆ ಅವಳ ಹಿತ್ತಲಲ್ಲೇ ಇತ್ತಲ್ಲ, ಆ ವಾಸನೆ ಅವಳಿಗೆ ತಿಳಿಯದೇ? 'ಹಳೇದು ಒಡೆದಿರಬೇಕು ಪಾಪ' ಅಂದುಕೊಂಡಳು.

ಎರಡನೇ ಅರವಟ್ಟಿಗೆ ಬಂತು. ಹಸಿರು ಚಪ್ಪರ, ಹೊಸ ಮಡಕೆ, ಕೆಂಪು ರುಮಾಲು. ಓಬಯ್ಯ ಹಗ್ಗ ಜಗ್ಗಿ ಜಗ್ಗಿ ಎತ್ತು ನಿಲ್ಲಿಸಿದ. "ದಿನಾ ನೀರು ಕೊಡ್ತೀವಿ, ಪ್ರಭುಗಳಿಗೆ ಜಯವಾಗಲಿ." ನೀರಿಗೆ ಅದೇ ವಾಸನೆ. 'ಇಲ್ಲೂ ಒಡೀತೇ?' ಅಂದುಕೊಂಡಳು.

ಮೂರನೇ ಅರವಟ್ಟಿಗೆ ಬಂತು. ಅದೇ ಚಪ್ಪರ, ಅದೇ ರುಮಾಲು, ಅದೇ ಮಾತು, ಅದೇ ವಾಸನೆ. ಈ ಸಲ ಅವಳು ಏನೂ ಅಂದುಕೊಳ್ಳಲಿಲ್ಲ. ಮಡಕೆಯ ಹೊರಮೈಯನ್ನು ಬೆರಳಲ್ಲಿ ಸವರಿ ನೋಡಿದಳು.

"ಮೂರೂ ಆಯ್ತಲ್ಲ," ಅಂದ ಭೂಪಾಲಯ್ಯ. "ಬಿಸಿಲು ಏರ್ತಿದೆ. ಗಾಡಿ ತಿರುಗಿಸಿ, ನಮ್ಮನೇಲಿ ಹೋಳಿಗೆ ಊಟ ಕಾಯ್ತಿದೆ."

ಹೋಳಿಗೆ ಅಂದ ಕೂಡಲೇ ಬಳೆಗಾರ ಕಣ್ಣರಳಿಸಿದ. ಓಬಯ್ಯ ಎತ್ತು ತಿರುಗಿಸಹೋದ. ತಿರುಗಲಿಲ್ಲ. ಬಾಲ ಮುರಿದ, ತಿರುಗಲಿಲ್ಲ. ಇಳಿದು ಮೂಗುದಾರ ಹಿಡಿದ, ಅವನನ್ನೂ ಎಳೆದುಕೊಂಡು ಹೊರಟವು. ದಿಣ್ಣೆ ಹತ್ತಿ ಇಳಿದು, ಒಂದು ಹುಣಸೆಮರದ ಬುಡಕ್ಕೆ ಹೋಗಿ ತಾವೇ ನಿಂತವು. ಅಲ್ಲಿ ಚಪ್ಪರವಿಲ್ಲ, ರುಮಾಲಿಲ್ಲ. ಮರಳ ಮೇಲೆ ಒಂದು ಹಳೇ ಮಡಕೆ, ಪಕ್ಕದಲ್ಲಿ ಅರ್ಧ ಒಡೆದ ಗುಡಾಣದ ತುಂಬ ದನಕ್ಕೆ ನೀರು. ಎರಡೂ ಎತ್ತು ಅದಕ್ಕೆ ಮೂತಿ ಇಟ್ಟವು.

"ಬೈಬ್ಯಾಡ್ರಿ," ಅಂದ ಓಬಯ್ಯ ತಲೆ ಕೆರೆದುಕೊಂಡು. "ಆರು ವರ್ಷದಿಂದ ಇಲ್ಲೇ ಕುಡಿಯೋದು ಇವು. ನಾನೂ ಅಷ್ಟೇ. ನೀವು ಆ ಮೂರು ಜಾಗ ಮಾತ್ರ ತೋರಿಸು ಅಂದ್ರಿ, ತೋರಿಸ್ದೆ."

ಮರದ ಹಿಂದಿನಿಂದ ಒಬ್ಬ ಮುದುಕಿ ಬಂದಳು, ಗಿರಿಯಜ್ಜಿ ಅಂತ. ಸೊಂಟ ಬಾಗಿತ್ತು, ಚೊಂಬು ಹಿಡಿದ ಕೈ ಮಾತ್ರ ನೆಟ್ಟಗಿತ್ತು. ಸಣ್ಣೀರಮ್ಮ ಬೊಗಸೆ ಒಡ್ಡಿದಳು. ನೀರು ತಣ್ಣಗಿತ್ತು, ಯಾವ ವಾಸನೆಯೂ ಇರಲಿಲ್ಲ. ಆತುರಾತುರವಾಗಿ ಕುಡಿದಳು.

"ಮೆಲ್ಲಗೆ ಮಗಳೇ, ಮೆಲ್ಲಗೆ," ಅಂದಳು ಅಜ್ಜಿ. "ಮಡಕೆ ತುಂಬಾ ನಿಂದೇ."

ಸಣ್ಣೀರಮ್ಮನ ಬೊಗಸೆ ಸಡಿಲಿ ನೀರೆಲ್ಲ ನೆಲಕ್ಕೆ ಸೋರಿತು. ಐದು ವರ್ಷ ಯಾರಿಗೆ ಕೈ ಮುಗಿದೆ, ಯಾರಿಗೆ ಮುಗಿಯಬೇಕಿತ್ತು! ಅಲ್ಲೇ ಮಣ್ಣಿನಲ್ಲಿ ಕೂತು ಅಜ್ಜಿಯ ಕಾಲು ಹಿಡಿದುಕೊಂಡಳು. "ನೀನೇನವ್ವಾ! ನೀನೇನವ್ವಾ!" ಅಂತ ಅತ್ತಳು. ಅಜ್ಜಿಗೆ ನೆನಪೇ ಇಲ್ಲ. ಅವಳು ಎಷ್ಟು ಜನಕ್ಕೆ ನೀರು ಬಿಟ್ಟಿದ್ದಳೋ, ಲೆಕ್ಕ ಇಟ್ಟವಳಲ್ಲ.

"ಇದನ್ಯಾಕೆ ಮಾಡ್ತಿದೀಯಮ್ಮ?" ಕೇಳಿದರು ಮೇಷ್ಟ್ರು.

"ನನ್ ಗಂಡ ಅರಮನೆ ಅರವಟ್ಟಿಗೇಲಿದ್ದ ಸ್ವಾಮಿ. ಆರು ವರ್ಷದ ಹಿಂದೆ ತೀರಿಕೊಂಡ. ಅವನ ಜಾಗಕ್ಕೆ ಯಾರೂ ಬರ್ಲಿಲ್ಲ, ಉಳಿದೋರನ್ನೂ ಕರೆಸ್ಕೊಂಡ್ರು. ಬಾಯಾರಿದೋರು ಮಾತ್ರ ಬರ್ತಾನೇ ಇದ್ರು. ಏನ್ ಮಾಡ್ಲಿ ಹೇಳಿ?"

ಅಷ್ಟರಲ್ಲಿ ಭೂಪಾಲಯ್ಯ ಕುದುರೆ ಓಡಿಸಿಕೊಂಡು ಬಂದ. "ಅಪ್ಪಣೆ ಇಲ್ಲದೆ ಅರಮನೆ ದಾರೀಲಿ ಮಡಕೆ ಇಟ್ಟಿದೀಯಾ ಮುದುಕಿ? ಹುಣ್ಣಿಮೆ ಆಗ್ಲಿ. ಮೊದಲು ಈ ಮಡಕೆ ಒಡೆಸ್ತೀನಿ, ಆಮೇಲೆ ನಿನ್ನ ಓಡಿಸ್ತೀನಿ."

ಸಣ್ಣೀರಮ್ಮ ಕಣ್ಣೊರೆಸಿಕೊಂಡಳು. ಕೇಳುವುದಕ್ಕೆ ಅವಳಿಗಿದ್ದ ಅಂಜಿಕೆ ಆ ಕ್ಷಣಕ್ಕೆ ಹೋಯಿತು. ಹುಣ್ಣಿಮೆಗೆ ಉಳಿದಿದ್ದದ್ದು ಒಂದೇ ದಿನ.

ಮಾರನೇ ಬೆಳಿಗ್ಗೆ ಸಭೆ ಸೇರಿತು. ರಾಜ ಕೂತಿದ್ದ, ಜನ ಕಿಕ್ಕಿರಿದಿದ್ದರು, ಚಾವಡಿಯ ಹನ್ನೆರಡು ಆಳುಗಳೂ ಸಾಲಾಗಿ ನಿಂತಿದ್ದರು. ಓಬಯ್ಯನ ಗಾಡಿಯಲ್ಲಿ ಬಂದ ಗಿರಿಯಜ್ಜಿ ಒಂದು ಮೂಲೆಯಲ್ಲಿ ಕೂತಿದ್ದಳು. ಸಣ್ಣೀರಮ್ಮ ಎದ್ದು ನಿಂತು ಮೆತ್ತಗೆ ಕೇಳಿದಳು.

"ಸ್ವಾಮಿ, ಎಷ್ಟು ವರ್ಷದಿಂದ ನೀರು ಕೊಡಿಸ್ತಿದೀರಿ?"

"ಆರು ವರ್ಷ!" ಅಂದ ಭೂಪಾಲಯ್ಯ, ಮೀಸೆ ತಿರುವಿ.

"ಒಂದು ದಿನನಾದ್ರೂ ತಪ್ಪಿದ್ದುಂಟಾ?"

"ಒಂದು ದಿನವೂ ಇಲ್ಲ!"

"ಅಬ್ಬಾ! ಅಷ್ಟು ಜನ ಮುಟ್ಟೋ ಮಡಕೆ. ಎಷ್ಟೋ ಒಡೆದಿರ್ಬೇಕು, ಎಷ್ಟೋ ಬದಲಾಯಿಸಿರ್ಬೇಕು, ಅಲ್ವಾ?"

ಪಾಪ, ಅಲ್ಲಿ ಹೌದು ಅಂದಿದ್ದರೆ ಬಚಾವಾಗುತ್ತಿದ್ದನೋ ಏನೋ. ಆದರೆ ಹೊಗಳಿಸಿಕೊಂಡು ರೂಢಿಯಾದ ನಾಲಿಗೆ ಅದು. "ನನ್ನ ಕೈಕೆಳಗೆ ಮಡಕೆ ಒಡೆಯೋದೇ? ಆರು ವರ್ಷದಿಂದ ಅದೇ ಮೂರು ಮಡಕೆ, ಒಂದು ಸೀಳೂ ಬಿಟ್ಟಿಲ್ಲ. ಅಷ್ಟು ಜೋಪಾನ!" ಅಂದುಬಿಟ್ಟ.

ಸಣ್ಣೀರಮ್ಮ ಓಬಯ್ಯನಿಗೆ ಸನ್ನೆ ಮಾಡಿದಳು. ರಾತ್ರಿಯೇ ಹೋಗಿ ಗಾಡಿಗೆ ಹೇರಿಕೊಂಡು ಬಂದಿದ್ದ ನಾಲ್ಕು ತುಂಬಿದ ಮಡಕೆಗಳನ್ನು ಅವನು ತಂದಿಟ್ಟ. ಮೂರು ಅರಮನೆಯವು, ಒಂದು ಗಿರಿಯಜ್ಜಿಯದು.

"ಪ್ರಭುಗಳೇ, ನಾನು ಕುಂಬಾರಿತಿ. ದಿನಾ ನೀರು ತುಂಬೋ ಮಡಕೆ ಹೊರಮೈಯಲ್ಲಿ ಉಪ್ಪು ಕಟ್ಟಿ ಬೆಳ್ಳಗಾಗುತ್ತೆ. ಕುಡಿಯೋರ ಕೈ ಸೋಕಿ ಬಾಯಂಚು ನುಣ್ಣಗಾಗುತ್ತೆ. ಹೊಸ ಮಡಕೆ ನೀರಿಗೆ ಮಾತ್ರ ಒಂದು ವಾರ ಆವಿಗೆ ವಾಸನೆ ಹೋಗಲ್ಲ. ನನ್ನ ಮಾತು ಬೇಡ, ನೀವೇ ನೋಡಿ, ನೀವೇ ಕುಡಿದು ಹೇಳಿ."

ರಾಜ ಸಿಂಹಾಸನ ಬಿಟ್ಟು ಇಳಿದು ಬಂದ. ಮೊದಲ ಮಡಕೆಯ ನೀರು ಕುಡಿದ, ಮುಖ ಕಿವಿಚಿದ. ಎರಡನೆಯದು ಕುಡಿದ, ಮುಖ ಕಿವಿಚಿದ. ಮೂರನೆಯದು ಕುಡಿದ, ಉಗುಳಿದ. ಗಿರಿಯಜ್ಜಿಯ ಮಡಕೆಯ ಬಿಳಿ ಮೈಯನ್ನು ಸವರಿ, ಅದರ ನೀರು ಕುಡಿದ. ಕುಡಿದ, ಇನ್ನೊಂದು ಚೊಂಬು ಕೇಳಿದ.

"ಈ ಮೂರು ಮಡಕೆ ಯಾವಾಗ ಇಟ್ಟಿದ್ದು?" ಸಣ್ಣೀರಮ್ಮ ಆಳುಗಳ ಕಡೆ ತಿರುಗಿದಳು.

ಭೂಪಾಲಯ್ಯ ಕಣ್ಣು ಕೆಕ್ಕರಿಸಿದ. ಆದರೂ ಒಬ್ಬ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಮುಂದೆ ಬಂದ. "ಮೊನ್ನೆ ಸಂಜೆ, ತಾಯಿ. ಆರು ವರ್ಷದಿಂದ ನಾವು ನೀರು ಹೊರ್ತಿರೋದು ಇವರ ವೀಳ್ಯದೆಲೆ ತೋಟಕ್ಕೆ. ಬಾಯಾರಿದೋರು ಹಾದು ಹೋಗ್ತಿದ್ರೆ ಮುಖ ತಿರುಗಿಸ್ಕೋತಿದ್ವಿ." ಅವನು ಸಣ್ಣೀರಮ್ಮನಿಗೆ ತಲೆ ಬಾಗಿದ. "ಇಷ್ಟು ವರ್ಷ ನಮ್ಮನ್ನ ಯಾರೂ ಒಂದು ಮಾತು ಕೇಳಿರ್ಲಿಲ್ಲ. ಕೇಳಿದ್ರಲ್ಲ, ನಿಮಗೆ ಪುಣ್ಯ ಬರ್ಲಿ."

ಗಿರಿಯಜ್ಜಿ ಆರು ವರ್ಷ ನೀರು ಕೊಟ್ಟದ್ದನ್ನು ಮೇಷ್ಟ್ರು ಎದ್ದು ಹೇಳಿದರು. ಭೂಪಾಲಯ್ಯನ ಮೀಸೆ ಇಳಿಯಿತು. ಚಾವಡಿ ಹೋಯಿತು, ಹುಣ್ಣಿಮೆಯ ಮಾತೂ ಹೋಯಿತು. ಒಂದು ಬೇಸಿಗೆ ಪೂರ್ತಿ ಹುಣಸೆಮರದಡಿಯ ಮಡಕೆಗೆ ಅವನೇ ನೀರು ಹೊರಬೇಕು ಅಂತ ಅಪ್ಪಣೆಯಾಯಿತು. ಹೊತ್ತ. ಕೆಂದ, ಮಚ್ಚೆ ಬಂದಾಗ ಗುಡಾಣ ತುಂಬಿಸಿದವನೂ ಅವನೇ.

"ಅಜ್ಜಿ, ಇನ್ನು ಚಾವಡಿ ನಿನ್ನದು," ಅಂದ ರಾಜ. "ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ."

"ಅಯ್ಯೋ, ಹಾಗನ್ನಬ್ಯಾಡಿ ನನ್ನಪ್ಪಾ," ಅಂದಳು ಗಿರಿಯಜ್ಜಿ. "ನಂಗೂ ವಯಸ್ಸಾಯ್ತು. ಮಡಕೆ ಬರಿದಾಗಿರೋದು ಒಂದಿನ ಕಾಣದೇ ಹೋದೀತು. ಈ ಮಗಳನ್ನ ವರ್ಷ ವರ್ಷ ಕಳಿಸಿ. ಬಂದು ಕೇಳ್ಲಿ."

ಹಾಗಾಗಿ ಪ್ರತಿ ಬೇಸಿಗೆ ಸಣ್ಣೀರಮ್ಮ ಗಂಗೆಯ ಕೈ ಹಿಡಿದು, ತಾನೇ ಮಾಡಿದ ಮಡಕೆ ಹೊತ್ತು ಹುಣಸೆಮರಕ್ಕೆ ಹೋಗುತ್ತಿದ್ದಳು. ಮೊದಲು ಅಜ್ಜಿಯ ಕಾಲಿಗೆ ಬೀಳುತ್ತಿದ್ದಳು. ಆಮೇಲೆ ಎದ್ದು ಮಡಕೆಯೊಳಗೆ ಇಣುಕಿ ನೋಡಿ, ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಅಜ್ಜಿ ನಗುನಗುತ್ತಾ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು.

ಇದರ ನೀತಿ ಇಷ್ಟೇ ಮಕ್ಕಳೇ. ಎಲ್ಲರಿಗಾಗಿ ಇರುವ ಕೆಲಸವನ್ನು ಹೋಗಿ ನೋಡಬೇಕು, ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಉಪಕಾರ ಮರೆತ ಹಾಗಲ್ಲ. ಕೇಳದೇ ಇದ್ದರೆ ನಮ್ಮ ಕೃತಜ್ಞತೆ ಕಳ್ಳನ ಮನೆಗೆ ಹೋಗುತ್ತದೆ, ನೀರು ಕೊಟ್ಟವಳು ಬಿಸಿಲಲ್ಲೇ ಉಳಿಯುತ್ತಾಳೆ. ಸರಿ, ಈಗ ಏಳಿ. ನಿಮಗೆ ಇವತ್ತು ಮಡಕೆ ತುಂಬಿಟ್ಟವರು ಯಾರು ಅಂತ ಒಳಗೆ ಹೋಗಿ ಕೇಳಿಕೊಂಡು ಬನ್ನಿ.