ದುಗ್ಗಜ್ಜಿಯ ಹೆಣಿಗೆ ಕೈ

ಕೆರೆ ಏರಿಯ ಮೇಲೊಂದು ದೊಡ್ಡ ಹುಣಸೆಮರ. ಮರದ ತುಂಬ ಮುಸುವಗಳು. ಮುಸುವ ಗೊತ್ತಲ್ಲ ಮಕ್ಕಳೇ? ಮುಖಕ್ಕೆ ಮಸಿ ಬಳಿದುಕೊಂಡ ಹಾಗಿರುವ, ಉದ್ದ ಬಾಲದ ಕೋತಿ. ಆ ಬಳಗಕ್ಕೆಲ್ಲ ಹಿರಿಯಳು ದುಗ್ಗಜ್ಜಿ.

ದುಗ್ಗಜ್ಜಿಗೆ ಹೆಣಿಗೆಯ ಹುಚ್ಚು. ಕುರಿಗಳು ಬೇಲಿ ನುಸುಳುವಾಗ ಮುಳ್ಳಿಗೆ ಸಿಕ್ಕಿಕೊಂಡ ಉಣ್ಣೆಯನ್ನು ಆಯ್ದು ತಂದು, ಹೊಸೆದು ನೂಲು ಮಾಡಿ, ಎರಡು ಬಿದಿರುಕಡ್ಡಿ ಹಿಡಿದು ಕೂತಳೆಂದರೆ ಊಟದ ನೆನಪೂ ಇಲ್ಲ. ಅದೂ ಎಂಥ ಬಿಗಿ ಹೆಣಿಗೆ ಅಂತೀರಿ! "ನನ್ನ ಹೆಣಿಗೆಯೊಳಗೆ ಗಾಳಿಯೂ ನುಸುಳಬಾರದು" ಎಂದು ಕಡ್ಡಿಯನ್ನು ಬೆರಳು ಬೆಳ್ಳಗಾಗುವಷ್ಟು ಅಮುಕಿ ಹಿಡಿಯುತ್ತಿದ್ದಳು.

ಅವಳ ಮಗಳು ಚೆನ್ನಿ ಆಗ ತುಂಬು ಬಸುರಿ. ಚೊಚ್ಚಲು ಬೇರೆ. ಮುಸುವಗಳಲ್ಲಿ ಒಂದು ಪದ್ಧತಿ ಉಂಟು. ಕೂಸು ಹುಟ್ಟಿದ ದಿನವೇ ಬಳಗದ ಹೆಂಗಸರೆಲ್ಲ ಒಬ್ಬರಾದ ಮೇಲೊಬ್ಬರು ಅದನ್ನು ಎತ್ತಿ ಮುದ್ದಾಡಬೇಕು. ಮೊದಲ ಸರದಿ ಅಜ್ಜಿಯದು.

"ನಾನೇ ಹೆಣೆದ ಕಂಬಳಿಯಲ್ಲಿ ಸುತ್ತಿ ಎತ್ತಿಕೊಳ್ತೀನಿ ಕಣೇ" ಎನ್ನುವಾಗ ದುಗ್ಗಜ್ಜಿಯ ಕಣ್ಣು ತುಂಬಿ ಬರುತ್ತಿತ್ತು. ಅವಳಿಗೆ ಅದು ಮೊದಲ ಮೊಮ್ಮಗು.

ಒಂದು ದಿನ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚುಳ್ ಎಂದಿತು. ಅಜ್ಜಿ ಕೈ ಒದರಿದಳು. ಮರದ ಕೆಳಗೆ ಮದ್ದಿನ ಬೇರು ಅಗೆಯುತ್ತಿದ್ದ ಮುಂಗುಸಿ ಪಂಡಿತ ತಲೆಯೆತ್ತಿದ.

"ಏನಜ್ಜೀ, ಕೈ ನೋವಾ?"

"ಇಲ್ಲಪ್ಪಾ, ಸೊಳ್ಳೆ ಓಡಿಸಿದೆ."

"ಸೊಳ್ಳೆಯಂತೆ! ಕಡ್ಡಿ ಸಡಿಲವಾಗಿ ಹಿಡೀರಿ. ಹತ್ತು ಸಾಲಿಗೊಮ್ಮೆ ಕೆಳಗಿಟ್ಟು ಬೆರಳು ಅಗಲಿಸಿ, ಕೈಗೆ ಬಿಡುವು ಕೊಡಿ."

"ಇದೊಂದು ಸಾಲು ಮುಗಿಸಿಬಿಡ್ತೀನಿ ಕಣಯ್ಯಾ."

ಆ ಒಂದು ಸಾಲು ಸಂಜೆಯಾದರೂ ಮುಗಿಯಲಿಲ್ಲ. ನಾಲ್ಕೇ ದಿನದಲ್ಲಿ ಮಣಿಕಟ್ಟು ಊದಿಕೊಂಡಿತು. ಯಾರಿಗೂ ಕಾಣದಿರಲಿ ಎಂದು ಅಜ್ಜಿ ಅದರ ಮೇಲೆ ಬಾಲ ಸುತ್ತಿಕೊಂಡು ಹೆಣೆದಳು. ಹಟಮಾರಿ ಮುದುಕಿ! ನನಗಂತೂ ಸಿಟ್ಟೇ ಬರುತ್ತೆ.

ಚೆನ್ನಿ ಹೆತ್ತಳು. ಹೆಣ್ಣುಕೂಸು! ಕಂಬಳಿಯೂ ಮುಗಿದಿತ್ತು. ಹೆಂಗಸರೆಲ್ಲ ಕೊಂಬೆಯ ಮೇಲೆ ಸಾಲಾಗಿ ಕೂತರು.

"ತಗೋ ಅವ್ವಾ, ನಿನ್ನ ಮೊಮ್ಮಗಳು" ಎಂದು ಚೆನ್ನಿ ಕೂಸನ್ನು ಕಂಬಳಿಯಲ್ಲಿ ಸುತ್ತಿ ಕೊಟ್ಟಳು.

ದುಗ್ಗಜ್ಜಿ ಎರಡೂ ಕೈ ಚಾಚಿದಳು. ಬಲಗೈ ಬೆರಳು ಮಡಚಲೇ ಇಲ್ಲ. ಕೂಸು ಜಾರಿತು! ಅಯ್ಯೋ ಎನ್ನುವಷ್ಟರಲ್ಲಿ ಚೆನ್ನಿ ಅದನ್ನು ಎದೆಗೆ ಅವುಚಿಕೊಂಡಳು. ಕಂಬಳಿ ಮಾತ್ರ ಕೆರೆಗೆ ಬಿತ್ತು.

ದುಗ್ಗಜ್ಜಿ ಗೊಳೋ ಎಂದು ಅತ್ತಳು. "ಕೈ ನೋಯ್ತಿತ್ತು ಕಣೇ, ಮುಚ್ಚಿಟ್ಟೆ. ಅಜ್ಜಿಯಾಗೋ ಯೋಗ್ಯತೆ ನನಗಿಲ್ಲ. ಮುಂದಿನವರಿಗೆ ಕೊಡು."

"ಕೊಡಲ್ಲ," ಎಂದಳು ಚೆನ್ನಿ. "ನೀನು ಎತ್ತಿಕೊಳ್ಳೋವರೆಗೂ ಬೇರೆ ಯಾರ ಕೈಗೂ ಕೊಡಲ್ಲ. ಮೊದಲು ಕೈ ವಾಸಿ ಮಾಡಿಕೋ."

ಮುಂಗುಸಿ ಪಂಡಿತ ಬಂದ. ಊತ ಇಳಿಯಲೆಂದು ತಣ್ಣೀರಿನ ಪಟ್ಟಿ ಇಟ್ಟ. ಮಣಿಕಟ್ಟು ಬಾಗದಂತೆ ಬಿದಿರಿನ ಸೀಳು ಇಟ್ಟು ಬಾಳೆನಾರಿನಲ್ಲಿ ಮೆತ್ತಗೆ ಕಟ್ಟಿದ. "ಊತ ಇಳಿದ ಮೇಲೆ ಬಿಸಿ ಶಾಖ. ಆಮೇಲೆ ದಿನಕ್ಕಿಷ್ಟು ಬೆರಳು ಆಡಿಸೋದು. ಅಲ್ಲೀವರೆಗೆ ಕಡ್ಡಿ ಮುಟ್ಟಿದರೆ ನೋಡಿ ಮತ್ತೆ!"

ಅಜ್ಜಿ ಮುಟ್ಟಿದರೂ ಬಿಡುವವರು ಯಾರು? ಕೂಸನ್ನು ಎತ್ತಿಕೊಳ್ಳಲು ಕಾದಿದ್ದ ಹೆಂಗಸರೆಲ್ಲ ಕಾವಲಿಗೆ ನಿಂತರು. ಒಬ್ಬಳು ಕಡ್ಡಿ ಬಚ್ಚಿಟ್ಟಳು. ಒಬ್ಬಳು ಹಣ್ಣು ಸುಲಿದು ಬಾಯಿಗಿಟ್ಟಳು. "ಕೈ ಕೆಳಗಿಡಿ ಅಜ್ಜೀ, ನಿಮ್ಮ ಕೈ ವಾಸಿಯಾಗೋವರೆಗೆ ನಮಗೂ ಕೂಸು ಸಿಗಲ್ಲ" ಎಂದು ಇನ್ನೊಬ್ಬಳು ಗದರಿದಳು. ಅಜ್ಜಿ ಮೊದಲು ಗೊಣಗಿದಳು, ಆಮೇಲೆ ನಕ್ಕಳು, ಆಮೇಲೆ ಹೇಳಿದಂತೆ ಕೇಳಿದಳು.

ತಿಂಗಳು ಕಳೆಯಿತು. ಪಂಡಿತ ಕಟ್ಟು ಬಿಚ್ಚಿದ. ಬೆರಳು ಮಡಚಿದವು, ಬಿಚ್ಚಿದವು. ಚೆನ್ನಿ ಕೂಸನ್ನು ತಂದು ಅವ್ವನ ಕೈಗಿಟ್ಟಳು.

ಕೂಸು ಬೆಚ್ಚಗಿತ್ತು. ಅಜ್ಜಿ ಅದರ ನೆತ್ತಿ ಮೂಸಿದಳು, ಕಿವಿ ಸವರಿದಳು, ಕೆನ್ನೆಗೆ ಕೆನ್ನೆ ತಾಗಿಸಿದಳು. ಹೆಂಗಸರು ಉಸಿರು ಬಿಗಿಹಿಡಿದು ನೋಡಿದರು. ಈ ಮುದುಕಿ ಇನ್ನು ಸಂಜೆಯವರೆಗೂ ಕೂಸನ್ನು ಬಿಡುವವಳಲ್ಲ ಎಂದೇ ಎಲ್ಲರೂ ಎಣಿಸಿದ್ದರು.

ಸ್ವಲ್ಪ ಹೊತ್ತಿಗೆ ದುಗ್ಗಜ್ಜಿಯ ಮಣಿಕಟ್ಟು ಸಣ್ಣಗೆ ದಣಿಯಿತು. ನೋವಲ್ಲ, ದಣಿವಷ್ಟೇ. ಅವಳು ಕೂಸಿಗೊಂದು ಮುತ್ತಿಟ್ಟು, ಪಕ್ಕದವಳ ಕಡೆ ತಿರುಗಿದಳು.

"ತಗೊಳ್ಳಮ್ಮಾ, ಈಗ ನಿನ್ನ ಸರದಿ. ನನ್ನ ಕೈ ನಾಳೆಗೂ ಬೇಕು."

ನೀತಿ: ದುಡಿಯುವ ಕೈ ದಣಿದಾಗಲೇ ಬಿಡುವು ಕೊಡಬೇಕು; ನೋವನ್ನು ಮುಚ್ಚಿಟ್ಟರೆ, ಯಾರಿಗಾಗಿ ದುಡಿದೆವೋ ಅವರನ್ನೇ ಎತ್ತಿಕೊಳ್ಳಲಾಗದು.